ಟ್ರ್ಯಾಕ್ಟರಿಗೆ ಸೋಮವಾರವಿಲ್ಲ

ಹನಗೋಡಿನ ಗೌರೀಶ್ ನಲವತ್ತೈದಕ್ಕೇ ನಿವೃತ್ತನಾಗಲು ನಿರ್ಧರಿಸಿದ್ದ. ಉಳಿತಾಯ ಬೇಗ ಬೆಳೆಯಲೆಂದು ಎತ್ತು ಮಾರಿ ಟ್ರ್ಯಾಕ್ಟರ್ ತಂದು, ಊರವರ ಹೊಲಗಳನ್ನೂ ಬಾಡಿಗೆಗೆ ಉಳುತ್ತಿದ್ದ. ಉಳುವಾಗ ಕಿವಿಯಲ್ಲಿ ಇಯರ್‌ಫೋನ್. ಈ ಕ್ಷಣದಲ್ಲಿ ಬದುಕುವುದು ಹೇಗೆಂಬ ಉಪನ್ಯಾಸ ಮುಗಿಯುವಷ್ಟರಲ್ಲಿ ಎರಡೆಕರೆ ಮುಗಿದಿರುತ್ತಿತ್ತು.

ಆ ಊರಿನಲ್ಲಿ ಸೋಮವಾರ ಯಾರೂ ಎತ್ತಿಗೆ ನೊಗ ಹೂಡುವುದಿಲ್ಲ. ಅದು ಬಸವಣ್ಣನ ದಿನ. ಎತ್ತಿನ ಜೊತೆ ಮನುಷ್ಯರಿಗೂ ರಜೆ. ಟ್ರ್ಯಾಕ್ಟರಿಗೆ ಆ ನೇಮವಿಲ್ಲವೆಂದು ಗೌರೀಶ್ ಕಂಡುಕೊಂಡಿದ್ದ. ಹೆಂಡತಿ ಭಾವನಾಗೆ ಗಂಡ ಹಗಲು ಕೈಗೆ ಸಿಗುತ್ತಿದ್ದ ಒಂದೇ ದಿನ ಹಾಗೆ ಹೋಗಿತ್ತು.

"ಈ ಸೋಮವಾರನಾದ್ರೂ ಮನೇಲಿರ್ರೀ," ಎಂದಳು ಅವಳು, ಒಂದು ಸೋಮವಾರ ಬೆಳಗ್ಗೆ ಅವನು ಹೊರಟಾಗ.

"ಇನ್ನೇಳು ವರ್ಷ ಕಣೆ. ಆಮೇಲೆ ದಿನಾ ಸೋಮವಾರವೇ."

ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಿದ್ದ ಅಪ್ಪ ಶಿವನಂಜಪ್ಪ ಕೇಳಿದ: "ಐವತ್ತು ವರ್ಷದ ಸೋಮವಾರ ಎಲ್ಲಾ ಸೇರ್ಸುದ್ರೆ ಎಷ್ಟಾಯ್ತದ್ಲಾ?"

ಗೌರೀಶ್ ಮೊಬೈಲಿನಲ್ಲಿ ಲೆಕ್ಕ ಹಾಕಿದ. "ಏಳು ವರ್ಷಕ್ಕಿಂತ ಸ್ವಲ್ಪ ಜಾಸ್ತಿ."

"ಅಷ್ಟನ್ನೂ ನಾನು ನಿಮ್ಮವ್ವನ ಜೊತೆ ಕೂತು ಮುಗ್ಸಿವ್ನಿ ಕಣ್ಲಾ. ಮಂಡಿ ಗಟ್ಟಿಯಾಗಿದ್ದಾಗ್ಲೇ."

ಗೌರೀಶ್ ಅದೇ ಮೊಬೈಲಿನಿಂದ, ಅಂದು ಉಳಬೇಕಿದ್ದ ಹೊಲದ ಮಹದೇವಪ್ಪನಿಗೆ ಫೋನ್ ಮಾಡಿ, ನಾಳೆ ಬರುವುದಾಗಿ ಹೇಳಿ ಕ್ಷಮೆ ಕೇಳಿದ.

"ಬುಡಪ್ಪ, ಒಳ್ಳೇದೇ ಆಯ್ತು," ಎಂದ ಮಹದೇವಪ್ಪ. "ಸೋಮವಾರ ಬರಬ್ಯಾಡ ಅನ್ನಕ್ಕೆ ನಂಗೇ ಸಂಕೋಚ ಆಗಿತ್ತು. ನೀನು ಬತ್ತೀಯ ಅಂತ ಬೆಳಗ್ಗೆಯಿಂದ ಕಾಯ್ತಾ ಕೂತಿವ್ನಿ. ಇನ್ನು ಮಲಿಕತೀನಿ, ಫೋನ್ ಮಡಗು."

ಗಂಡ ಮನಸ್ಸು ಬದಲಿಸುವ ಮುನ್ನವೇ ಭಾವನಾ ಟ್ರ್ಯಾಕ್ಟರಿನ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು.