ಹನ್ನೊಂದು ಹಾಡಿನ ನೀರು

ಜೂನ್ ಒಂದನೆಯ ತಾರೀಖು ಬೆಳಿಗ್ಗೆ ಏಳು ಗಂಟೆಗೆ ದಾಕ್ಷಾಯಿಣಿ ತನ್ನ ತಿಂಗಳ ಹಾಡಿನ ಪಟ್ಟಿಯನ್ನು ನೀರಿನ ಗುಂಪಿಗೆ ಕಳಿಸಿಬಿಟ್ಟಳು.

ಕಳಿಸಬೇಕಾಗಿದ್ದದ್ದು ‘ತಿಂಗಳ ಬುತ್ತಿ’ಗೆ. ಅದು ಏಳು ಜನರ ಗುಂಪು. ಒಬ್ಬರು ಬೆಳಗಾವಿಯವರು, ಒಬ್ಬರು ಬೀದರಿನವರು, ಒಬ್ಬರಂತೂ ನಾರ್ವೆ ದೇಶದ ಯಾವುದೋ ಹಿಮದೂರಿನಲ್ಲಿದ್ದವರು. ಯಾರೂ ಯಾರ ಮುಖವನ್ನೂ ನೋಡಿದವರಲ್ಲ. ತಿಂಗಳ ಮೊದಲ ದಿನ ಪ್ರತಿಯೊಬ್ಬರೂ ಹನ್ನೊಂದು ಹಾಡುಗಳನ್ನು ಬುತ್ತಿ ಕಟ್ಟಿದ ಹಾಗೆ ಕಟ್ಟಿ ಕಳಿಸಬೇಕು. ಉಳಿದವರು ಅದನ್ನು ಮೊದಲಿನಿಂದ ಕೊನೆಯವರೆಗೆ ಅದೇ ಕ್ರಮದಲ್ಲಿ ಕೇಳಿ ಜಗಳಾಡಬೇಕು. ಒಂದು ಭಾಷೆ ಎರಡು ಸಲ ಬರಕೂಡದು. ಪಟ್ಟಿ ಒಂದು ತಾಸು ಮೀರಕೂಡದು. ಇನ್ನೊಬ್ಬರ ಒತ್ತಾಯಕ್ಕೆ ಹಾಡು ಸೇರಿಸಕೂಡದು. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ, ಪಟ್ಟಿ ಕೇಳುವುದಕ್ಕೆ ಬಿಟ್ಟು ಬೇರೆ ಯಾವ ಉಪಯೋಗಕ್ಕೂ ಬರಬಾರದು. ಬೆಳಗಾವಿಯವರ ಪಟ್ಟಿ ಹಚ್ಚಿ ಅವರ ಮಗಳು ದಿನಾ ವ್ಯಾಯಾಮ ಮಾಡುತ್ತಾಳೆಂದು ತಿಳಿದಾಗ ಅವರನ್ನು ಎರಡು ತಿಂಗಳು ಹೊರಗಿಟ್ಟಿದ್ದರು. ಈ ನಿಯಮಗಳನ್ನೆಲ್ಲ ಮಾಡಿದವನು ರಾಯಾಪುರದ ಹಜರತಅಲಿ. ಅಲ್ಲಿಂದ ತುಸು ದೂರದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಲೇಥ್ ಮಶೀನು ನಡೆಸುವ ಅವನಿಗೆ ಹಾಡಿನ ವಿಷಯದಲ್ಲೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ನಡೆಯುತ್ತಿರಲಿಲ್ಲ.

ಐದು ವರ್ಷದ ಕಾಲೇಜಿನಲ್ಲಿ ಹಾಜರಿಗೆ ‘ಯೆಸ್ ಸರ್’ ಎಂದದ್ದನ್ನು ಬಿಟ್ಟರೆ ದಾಕ್ಷಾಯಿಣಿ ಬಾಯಿ ತೆರೆದವಳಲ್ಲ. ಮನೆಗೆ ಯಾರಾದರೂ ಬಂದರೆ ಅವಳು ಅಡಿಗೆಮನೆಗೆ, ಅವರು ಅಡಿಗೆಮನೆಗೆ ಬಂದರೆ ಹಿತ್ತಲಿಗೆ. ಬುತ್ತಿಯಲ್ಲಿ ಮಾತ್ರ ಅವಳು ಬೇರೆಯೇ. ಅಲ್ಲೊಮ್ಮೆ ಒಂದು ಡೋಲಿನ ಎಡಗೈ ಪೆಟ್ಟಿನ ಬಗ್ಗೆ ನಲವತ್ತು ಸಾಲು ಬರೆದಿದ್ದಳು, ಕೊನೆಗೆ ಹಜರತಅಲಿಯೇ ಸೋತೆನೆಂದು ಒಪ್ಪಿಕೊಂಡಿದ್ದ. ಆ ದಿನ ಅವಳು ಒಂದು ರೊಟ್ಟಿ ಹೆಚ್ಚು ತಿಂದಳು.

ನೀರಿನ ಗುಂಪಿನದು ಇನ್ನೊಂದು ರೀತಿ. ಮಾಳಮಡ್ಡಿಯ ಅವರ ಓಣಿಗೆ ಐದು ದಿನಕ್ಕೊಮ್ಮೆ ನಳದ ನೀರು. ವಾಲ್ವ್ ತಿರುಗಿಸುವ ಯಲ್ಲೇಶ ಆ ಗುಂಪಿನಲ್ಲಿ ‘ಬಿಟ್ಟೇನಿ’ ಎಂದು ಬರೆಯುತ್ತಿದ್ದ, ಆಮೇಲೆ ‘ಬಂದ್’ ಎಂದು ಬರೆಯುತ್ತಿದ್ದ. ಮೂರನೆಯ ಮಾತಿಗೆ ಅಲ್ಲಿ ಅವಕಾಶವಿರಲಿಲ್ಲ. ಶುಭೋದಯ ಕಳಿಸಿದವರನ್ನು ಕೂಡಲೇ ತೆಗೆದುಹಾಕುತ್ತಿದ್ದರು. ಅಂಥ ಗುಂಪಿನಲ್ಲಿ ದಾಕ್ಷಾಯಿಣಿಯ ಪಟ್ಟಿ ಹೋಗಿ ಕುಳಿತಿತು. ಅಳಿಸಬೇಕೆಂದು ಬೆರಳಿಡುವಷ್ಟರಲ್ಲಿ ಯಲ್ಲೇಶ ಬರೆದುಬಿಟ್ಟ, ಇದನ್ನು ಕೇಳಬೇಕೇನ್ರಿ ಎಂದು. ಬೇಡ ಎಂದು ಹೇಳಲು ನಾಲ್ಕು ಮಾತು ವಿವರಿಸಬೇಕಾಗುತ್ತಿತ್ತು. ದಾಕ್ಷಾಯಿಣಿ ‘ಹೂಂ’ ಎಂದು ಬರೆದು ಮೊಬೈಲನ್ನು ದಿಂಬಿನ ಕೆಳಗೆ ತುರುಕಿದಳು.

ಅವತ್ತು ನೀರು ಐವತ್ತೇಳು ನಿಮಿಷ ಬಂತು.

ಯಲ್ಲೇಶನ ಬಳಿ ಗಡಿಯಾರದ ಲೆಕ್ಕವಿರಲಿಲ್ಲ. ಓಣಿಯ ತುದಿಯಲ್ಲಿ ವಾಲ್ವ್ ತೆಗೆದು, ಕಟ್ಟೆಯ ಮೇಲೆ ಕುಳಿತು, ಎರಡು ಬೀಡಿ ಮುಗಿದ ಮೇಲೆ ಮುಚ್ಚುವುದು ಅವನ ಪದ್ಧತಿ. ಅರ್ಧ ತಾಸು ದಾಟಿದ್ದೇ ಅಪರೂಪ. ಅವತ್ತು ಅವನು ಮೊಬೈಲಿನಲ್ಲಿ ಪಟ್ಟಿ ಹಚ್ಚಿಕೊಂಡು ಕುಳಿತವನು ಬೀಡಿ ಹೊತ್ತಿಸುವುದನ್ನೇ ಮರೆತ. ಹನ್ನೊಂದನೆಯ ಹಾಡು ಮುಗಿದಾಗ ಎದ್ದು ವಾಲ್ವ್ ಮುಚ್ಚಿದ. ಐದು ದಿನದ ಮೇಲೆ ಮತ್ತೆ ಅದೇ ಪಟ್ಟಿ, ಮತ್ತೆ ಐವತ್ತೇಳು ನಿಮಿಷ. ಮೂರನೆಯ ಸರದಿಗೆ ಅವನು ಒಂದು ಸ್ಪೀಕರ್ ತಂದ.

ಜೂನ್ ಮುಗಿಯುವ ಹೊತ್ತಿಗೆ ಇಡೀ ಓಣಿ ಹಾಡಿನ ಲೆಕ್ಕದಲ್ಲಿ ನೀರು ತುಂಬತೊಡಗಿತ್ತು. ಜಪಾನಿನ ಮೀನುಗಾರರು ಹಾಡುವಾಗ ಕುಡಿಯುವ ನೀರು. ಮಂಗೋಲಿಯಾದವನು ಗಂಟಲಲ್ಲಿ ಗುರುಗುಟ್ಟಿದರೆ ಅರ್ಧ ಟಾಕಿ ತುಂಬಿತೆಂದು ಅರ್ಥ. ಪೋರ್ಚುಗಲ್ಲಿನ ಹೆಣ್ಣುಮಗಳು ಅಳಲು ಸುರು ಮಾಡಿದಳೆಂದರೆ ಮುಗಿಯುತ್ತ ಬಂತು, ಬಕೀಟು ಓಡಿಸಬೇಕು. ದಾಕ್ಷಾಯಿಣಿಯ ಅವ್ವ ಕೂಡ ಒಲೆಯ ಮುಂದೆ ನಿಂತು, ಇಥಿಯೋಪಿಯಾ ಬಂತೇನು ನೋಡ ಎಂದು ಕೇಳುತ್ತಿದ್ದಳು. ಮಗಳು ಹಿತ್ತಲಿನಲ್ಲಿ ನಾಚಿ ಹಿಡಿಯಾಗಿ ನಿಲ್ಲುತ್ತಿದ್ದಳು.

ಜೂನ್ ಕೊನೆಯ ರವಿವಾರ ಓಣಿಯವರು ಮನೆಗೆ ಬಂದರು. ಮುಂದಾಳು ದತ್ತು ಕಾಕಾ. ಸಾಲಿ ಮಾಸ್ತರಿಕೆಯಿಂದ ನಿವೃತ್ತರಾದ ಅವರು ಮನೆಯ ಮೇಲೆ ಇನ್ನೊಂದು ಅಂತಸ್ತು ಏರಿಸಿ, ಹೊಸ ಸ್ಲ್ಯಾಬಿಗೆ ನೀರು ಹೊಡೆಯಲು ಒದ್ದಾಡುತ್ತಿದ್ದರು. ಪಕ್ಕದ ಮನೆಯಲ್ಲಿ ತಂಬೂರಿ ಶ್ರುತಿ ಮಾಡಿದರೂ ಕಿಟಕಿ ಹಾಕಿಕೊಳ್ಳುತ್ತಿದ್ದ ಮನುಷ್ಯ, ಈಗ ವಿಲಂಬಿತ ಖಯಾಲಿನ ಮಹತ್ವದ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಆಮೇಲೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

“ತಂಗಿ, ಒಬ್ಬರು ಮಾರವಾ ರಾಗ ಒಂದೂವರಿ ತಾಸು ಹಾಡ್ಯಾರ. ಈ ಸಲ ಅದನ್ನ ಹಾಕಿಬಿಡು. ಭಾಳ ಛಲೋ ಅದ.”

“ಕೇಳೀರೇನ್ರಿ ಕಾಕಾ?” ಎಂದಳು ದಾಕ್ಷಾಯಿಣಿ, ನೆಲ ನೋಡುತ್ತ.

“ಕೇಳೂದೇನದ, ಟೈಮ್ ನೋಡೇನಿ.”

ಎದುರು ಮನೆಯ ಗುಲ್ಜಾರಬಿಗೆ ಅಷ್ಟು ಉದ್ದ ಬೇಕಿರಲಿಲ್ಲ. ಆ ಅಳುವ ಹೆಂಗಸಿನ ಹಿಂದೆ ಇನ್ನೊಂದೆರಡು ಹಾಡು ಇದ್ದರೆ ಸಾಕು, ಬಾಂಡೆ ತೊಳೆದಾಗುತ್ತದೆ ಎಂದಳು. ಮತ್ತೊಬ್ಬರಿಗೆ ಕಾರು ತೊಳೆಯುವಷ್ಟು ಹಾಡು ಬೇಕಿತ್ತು. ಅಪ್ಪ ಎಲ್ಲರಿಗೂ ಚುರುಮರಿ ಹಂಚುತ್ತ, ಮೂರು ತಾಸಿನದು ಮಾಡ್ತಾಳ ಬಿಡ್ರಿ ಎಂದು ಮಾತು ಕೊಟ್ಟುಬಿಟ್ಟ. ಮಗಳು ಊರಿಗೆ ಉಪಕಾರವಾಗುವಂಥದ್ದೇನೋ ಮಾಡುತ್ತಿದ್ದಾಳೆಂದು ಅವನಿಗೆ ಗೊತ್ತಾಗಿದ್ದೇ ಆ ತಿಂಗಳು.

ಅವತ್ತು ಮಧ್ಯಾಹ್ನ ದಾಕ್ಷಾಯಿಣಿ ಬುತ್ತಿಯಲ್ಲಿ ಎಲ್ಲವನ್ನೂ ಬರೆದು ಒಪ್ಪಿಕೊಂಡಳು. ನೀರು ಬಿಡಲು ಬಳಕೆಯಾದ ಪಟ್ಟಿ ಪಟ್ಟಿಯೇ ಅಲ್ಲ ಎಂದರು ಬೀದರಿನವರು. ಮೀನುಗಾರರ ಹಾಡಿಗೆ ನೀರು ಬಂದರೆ ತಪ್ಪಿಲ್ಲ, ಉಳಿದ ಹತ್ತಕ್ಕೆ ಬರಬಾರದಿತ್ತು ಎಂದು ನಾರ್ವೆಯವರ ಅಭಿಪ್ರಾಯ. ಮತಕ್ಕೆ ಹಾಕಿದರು. ಕೊನೆಗೆ ಹಜರತಅಲಿ ತೀರ್ಪು ಬರೆದ: ಜೂನ್ ತಿಂಗಳದ್ದು ಅರಿಯದೆ ಆದದ್ದು. ಜುಲೈ ಪಟ್ಟಿ ಮತ್ತೆ ಉಪಯೋಗಕ್ಕೆ ಬಿದ್ದರೆ, ಅಥವಾ ಅದರಲ್ಲಿ ಓಣಿಯವರ ಒಂದೇ ಒಂದು ಹಾಡು ಕಂಡರೆ, ದಾಕ್ಷಾಯಿಣಿ ಬುತ್ತಿಯಿಂದ ಹೊರಗೆ.

ಅವಳು ಆ ಸಾಲನ್ನು ಮೂರು ಸಲ ಓದಿದಳು. ಬುತ್ತಿ ಹೋದರೆ ತನ್ನ ಮಾತು ಹಾಜರಿಯ ಎರಡು ಶಬ್ದಕ್ಕೆ ಬಂದು ನಿಲ್ಲುತ್ತದೆ. ಕಾಲೇಜು ಮುಗಿದದ್ದರಿಂದ ಈಗ ಅವೂ ಇಲ್ಲ.

ಯೋಚಿಸಿ ಒಂದು ದಾರಿ ಕಂಡುಕೊಂಡಳು. ಎರಡು ಪಟ್ಟಿ. ತನ್ನದು ಬುತ್ತಿಗೆ, ಹನ್ನೊಂದು ಹಾಡು, ಐವತ್ತೆಂಟು ನಿಮಿಷ, ಒಂದೊಂದು ಹಾಡಿನ ಜಾಗಕ್ಕೂ ತಿಂಗಳಿಡೀ ತಲೆ ಕೆಡಿಸಿಕೊಂಡು ಕಟ್ಟಿದ್ದು. ಓಣಿಗೆ ಬೇರೆಯದು: ಕಾಕಾನ ಮಾರವಾ, ಗುಲ್ಜಾರಬಿಗೆ ಎರಡು ಅಳುವ ಹಾಡು, ಕಾರಿನವರಿಗೊಂದು ಕುಣಿಯುವ ಹಾಡು, ಉಳಿದ ಜಾಗಕ್ಕೆ ಉದ್ದ ನೋಡಿ ಎತ್ತಿಕೊಂಡ ಏನೇನೋ. ಒಟ್ಟು ಮೂರು ತಾಸು ಹನ್ನೆರಡು ನಿಮಿಷ. ಅದನ್ನು ಜೋಡಿಸಲು ಅವಳಿಗೆ ಚಹಾ ಕುದಿಯುವಷ್ಟು ಹೊತ್ತು ಸಾಕಾಯಿತು.

ಜುಲೈ ಒಂದರಂದು ನೀರಿನ ಸರದಿಯೂ ಇತ್ತು. ಓಣಿಯವರು ಹಬ್ಬಕ್ಕೆ ಸಿದ್ಧವಾದಂತೆ ಸಿದ್ಧವಾದರು. ಗುಲ್ಜಾರಬಿ ಮನೆಯ ಚಾದರುಗಳನ್ನೆಲ್ಲ ಹೊರಗೆ ಹಾಕಿದಳು. ದತ್ತು ಕಾಕಾ ಪೈಪು ಹಿಡಿದು ಸ್ಲ್ಯಾಬಿನ ಮೇಲೆ ಹತ್ತಿ ನಿಂತರು. ಏಳೂ ಐದಕ್ಕೆ ‘ಬಿಟ್ಟೇನಿ’ ಬಂತು. ನಳಗಳು ಗೊರಗೊರ ಎಂದವು. ಏಳೂ ಹದಿನಾಲ್ಕಕ್ಕೆ ‘ಬಂದ್’.

ಒಂಬತ್ತೇ ನಿಮಿಷ. ಓಣಿ ಮೊದಲು ನಂಬಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಖಾಲಿ ಕೊಡ ಹಿಡಿದು ದಾಕ್ಷಾಯಿಣಿಯ ಮನೆಯ ಮುಂದೆ ಸೇರಿದರು. ನೀವೇ ಹೋಗಿ ಯಲ್ಲೇಶನನ್ನು ಕೇಳ್ರಿ ಎಂದು ಅಪ್ಪ ಹೇಳಿ ನೋಡಿದ. ಕೇಳಿ ಬಂದವರಿಗೆಲ್ಲ ಅವನದು ಒಂದೇ ಮಾತು. ಪಟ್ಟಿ ಕಳಿಸಿದವರನ್ನು ಕರೀರಿ ಎನ್ನುತ್ತಿದ್ದನಂತೆ. ಹಿತ್ತಲಿಗೆ ಹೋಗಿದ್ದ ದಾಕ್ಷಾಯಿಣಿಯನ್ನು ಅವ್ವ ಕೈ ಹಿಡಿದು ಹೊರಗೆ ತಂದಳು. ತಲೆ ತಗ್ಗಿಸಿಕೊಂಡು ಅವಳು ಮುಂದೆ, ಕೊಡಗಳು ಹಿಂದೆ.

ಯಲ್ಲೇಶ ಕಟ್ಟೆಯ ಮೇಲೆ, ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ನಲವತ್ತರ ಆಸುಪಾಸಿನ ಮನುಷ್ಯ, ಮುಖದಲ್ಲಿ ಸಿಟ್ಟಿಗಿಂತ ಬೇಸರ ಹೆಚ್ಚಿತ್ತು.

“ಯಾಕ ಬಂದ್ ಮಾಡಿದ್ರಿ ಅಣ್ಣಾರ?”

“ಇದು ನೀವು ಕಟ್ಟಿದ್ದಲ್ರಿ ಅಕ್ಕಾರ.”

“ನಾನೇ ಕಳಿಸೇನಿ.”

“ಕಳಿಸಿದ್ದು ನೀವ. ಕಟ್ಟಿದ್ದು ಯಾರೋ. ಹೋದ ತಿಂಗಳ ಒಂದು ಹಾಡು ಮುಗದು ಇನ್ನೊಂದು ಬರೂವಾಗ, ಮನ್ಯಾಗ ಯಾರೋ ಹಿತ್ತಲ ಬಾಗಲಾ ತಗದು ಗಾಳಿ ಬಿಟ್ಟಂಗ ಆಗ್ತಿತ್ತು. ಇದರಾಗ ಬರೇ ಗ್ವಾಡಿ ಅದಾವ. ಗ್ವಾಡಿ ಮುಗದ್ರ ಮತ್ತ ಗ್ವಾಡಿ.”

ದತ್ತು ಕಾಕಾ ಪೈಪಿನ ಸಮೇತ ಕೆಳಗಿಳಿದು ಬಂದಿದ್ದರು. “ಏ ಯಲ್ಲೇಶ, ನಿನಗ ಪಗಾರ ಕೊಡೂದು ನೀರು ಬಿಡ್ಲಿಕ್ಕೋ, ಹಾಡು ಕೇಳ್ಲಿಕ್ಕೋ?”

“ಬಿಟ್ಟೇನಲ್ರಿ ಸರ್, ಒಂಬತ್ತು ಮಿನಿಟ. ಅದಕ್ಕಿಂತ ಹೆಚ್ಚು ನನಗ ತಡಕೊಳ್ಳಾಕ ಆಗಲಿಲ್ಲ.”

ಎಲ್ಲರೂ ದಾಕ್ಷಾಯಿಣಿಯತ್ತ ತಿರುಗಿದರು. ಆದರೆ ಅವಳು ಯೋಚಿಸುತ್ತಿದ್ದದ್ದು ಓಣಿಯ ಬಗ್ಗೆಯಲ್ಲ. ಜೂನಿನಲ್ಲಿ ಐದನೆಯ ಹಾಡಿನಿಂದ ಆರನೆಯದಕ್ಕೆ ದಾಟುವಾಗ ಅವಳಿಗೂ ಹಾಗೆಯೇ ಗಾಳಿ ಬಿಟ್ಟಂತಾಗಿತ್ತು. ಬುತ್ತಿಯ ಉಳಿದ ಆರು ಜನರಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ, ಹಜರತಅಲಿ ಕೂಡ. ಬೀಡಿ ಮರೆತು ಕಟ್ಟೆಯ ಮೇಲೆ ಕುಳಿತವನು ಗಮನಿಸಿದ್ದ. ಅಂಥವನಿಗೆ ಅವಳು ಚಹಾ ಕುದಿಯುವಷ್ಟರಲ್ಲಿ ಕಟ್ಟಿದ ಪಟ್ಟಿ ಕೊಟ್ಟಿದ್ದಳು.

“ಖರೇ ಐತ್ರಿ, ಇದು ನಂದಲ್ಲ,” ಎಂದಳು. ಧ್ವನಿ ಎಷ್ಟು ಸಣ್ಣದಿತ್ತೆಂದರೆ ಹಿಂದಿನವರು ಕೊಡ ಕೆಳಗಿಟ್ಟು ಮುಂದೆ ಬಾಗಿದರು. “ಇನ್ನ ಮ್ಯಾಲ ಯಾರು ಹೇಳಿದ್ದೂ ಹಾಕಂಗಿಲ್ಲ. ಹನ್ನೊಂದು ಹಾಡು, ಒಂದು ತಾಸಿನ ಒಳಗ. ನೀರು ಬಂದ್ರ ಬರಲಿ, ಬಿಟ್ರ ಬಿಡಲಿ.”

“ಸ್ಲ್ಯಾಬು ಬಿರಿತದವಾ,” ಎಂದರು ದತ್ತು ಕಾಕಾ.

“ಬಿರೀಲಿ ಕಾಕಾ.”

ಅಪ್ಪ ಅವಳನ್ನು ಯಾರೋ ಅಪರಿಚಿತರನ್ನು ನೋಡುವ ಹಾಗೆ ನೋಡಿದ. ಅವಳು ಅಲ್ಲೇ ನಿಂತು ಬುತ್ತಿಗೆ ಬರೆದಳು, ನಮ್ಮ ಓಣಿಯಲ್ಲಿ ಒಬ್ಬರು ಸಿಕ್ಕಿದ್ದಾರೆ, ಅವರನ್ನು ಎಂಟನೆಯವರಾಗಿ ಸೇರಿಸಬೇಕು, ಆದರೆ ಕೇಳುವಾಗ ಅವರ ಕೈಯಲ್ಲಿ ವಾಲ್ವಿನ ಚಾವಿ ಇರುತ್ತದೆ, ಇದನ್ನು ಉಪಯೋಗವೆನ್ನುತ್ತೀರೋ ಏನೋ ನೀವೇ ಹೇಳಿ. ನನ್ನನ್ನು ಹೊರಗೆ ಹಾಕುವುದಾದರೆ ಹಾಕಿ, ಅವರನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಇಡೀ ಓಣಿ ಖಾಲಿ ಕೊಡಗಳೊಂದಿಗೆ ರಾಯಾಪುರದ ಉತ್ತರಕ್ಕಾಗಿ ಕಾಯಿತು. ಆರು ನಿಮಿಷದ ನಂತರ ಹಜರತಅಲಿಯ ಧ್ವನಿ ಸಂದೇಶ ಬಂತು. ಅದನ್ನು ಗಟ್ಟಿಯಾಗಿ ಹಚ್ಚು ಎಂದರು ಎಲ್ಲರೂ.

“ಕೇಳಾವರ ಕೈಯಾಗ ಏನೈತಿ ಅಂತ ನಾವು ಕೇಳಂಗಿಲ್ರಿ. ನಾ ಕೇಳುವಾಗ ನನ್ನ ಕೈಯಾಗ ಸಾಬಾಣ ಇರ್ತೈತಿ, ಅರಿವಿ ಒಗಕೋತ ಇರ್ತೇನಿ. ಆದ್ರ ಅವರು ಪೂರಾ ಪಟ್ಟಿ ಕೇಳಿ ಒಂದು ತಪ್ಪು ಹಿಡದು ತೋರಿಸ್ಬೇಕು. ಭೇಷ್ ಭೇಷ್ ಅನ್ನೂ ಮಂದಿ ನಮಗ ಬ್ಯಾಡ.”

ದಾಕ್ಷಾಯಿಣಿ ತನ್ನ ಜುಲೈ ಪಟ್ಟಿಯನ್ನು ಯಲ್ಲೇಶನಿಗೆ ಕಳಿಸಿದಳು. ಅವನು ಎದ್ದು ಚಾವಿ ತಿರುಗಿಸಿ, ಸ್ಪೀಕರ್ ಹಚ್ಚಿ, ಕಣ್ಣು ಮುಚ್ಚಿ ಕುಳಿತ. ಕೊಡಗಳು ಓಡಿದವು. ಅವಳು ಓಡಲಿಲ್ಲ. ಹನ್ನೊಂದು ಹಾಡು ಮುಗಿಯುವವರೆಗೂ ಅವನ ಮುಖ ನೋಡುತ್ತ ನಿಂತಳು.

ಕೊನೆಯ ಹಾಡು ಮುಗಿಯಿತು. ಯಲ್ಲೇಶ ಹೇಳಲೋ ಬೇಡವೋ ಎನ್ನುವಂತೆ ಕತ್ತು ಕೆರೆದುಕೊಂಡ.

“ಆರನೇದೂ ಏಳನೇದೂ ಅದಲಬದಲ ಆಗಬೇಕಿತ್ತ್ರಿ. ಆರನೇದರಾಗ ಹಾಡೂ ಮುದುಕ ಕಡೀಕ ಉಸಿರು ಹಿಡದಿರ್ತಾನ. ಅಂವ ಉಸಿರು ಬಿಡೂದರೊಳಗ ನೀವು ಏಳನೇದು ಹಚ್ಚೀರಿ.”

“ಅದಕ್ಕ ಹಚ್ಚೇನ್ರಿ. ಅಂವ ಬಿಡಬೇಕಾದ ಉಸಿರು ಏಳನೇದರ ಕೊಳಲಿನಾಗ ಹೊರಗ ಬರ್ತೈತಿ.”

“ಮುದುಕನ ಉಸಿರು ಕೊಳಲಿನವ ಯಾಕ ಬಿಡಬೇಕ್ರಿ? ಅಂವಗ ಅವನದ ಉಸಿರು ಐತಿ.”

“ಇಲ್ರಿ ಅಣ್ಣಾರ, ನೀವು ಸರಿ ಕೇಳಿಲ್ಲ,” ಎಂದಳು ದಾಕ್ಷಾಯಿಣಿ, ಮತ್ತು ಕಟ್ಟೆಯ ಮೇಲೆ ಕುಳಿತೇಬಿಟ್ಟಳು.

ಒಂಬತ್ತು ದಾಟಿತು, ಹತ್ತಾಯಿತು. ವಾಲ್ವ್ ಮುಚ್ಚುವುದನ್ನು ಯಲ್ಲೇಶ ಮರೆತೇಬಿಟ್ಟಿದ್ದ. ಟಾಕಿಗಳು ತುಂಬಿದವು, ಬಕೀಟು ತುಂಬಿದವು, ಚಾದರುಗಳೆಲ್ಲ ಒಗೆದಾಗಿ ಗೋಡೆಗಳ ಮೇಲೇರಿದವು. ಕಾರು ಎರಡು ಸಲ ತೊಳೆಯಿಸಿಕೊಂಡಿತು. ದತ್ತು ಕಾಕಾನ ಸ್ಲ್ಯಾಬಿನ ಮೇಲೆ ಮೊಣಕಾಲುದ್ದ ನೀರು ನಿಂತಿತು. ಅವರು ಅದರಲ್ಲಿ ಧೋತರ ಎತ್ತಿ ಹಿಡಿದು ನಿಂತು ಕೆಳಗಿನ ಜಗಳಕ್ಕೆ ಕಿವಿಗೊಟ್ಟಿದ್ದರು. ಸಂಪುಗಳು ಉಕ್ಕಿ ನೀರು ಓಣಿಗಿಳಿಯಿತು. ತಮ್ಮ ಸರದಿ ಎಲ್ಲಿಗೆ ಹೋಯಿತೆಂದು ಕೇಳಲು ಬಂದ ಮುಂದಿನ ಓಣಿಯವರನ್ನು ಗುಲ್ಜಾರಬಿ ಬಾಯಿಯ ಮೇಲೆ ಬೆರಳಿಟ್ಟು ತಡೆದು, ಮೆಲ್ಲಗೆ ತನ್ನ ನಳದ ಕಡೆ ಕಳಿಸಿದಳು. ಅಪ್ಪ ಚಹಾ ತಂದು ಇಬ್ಬರ ನಡುವೆ ಇಟ್ಟು, ಸದ್ದಾಗದಂತೆ ಹಿಂದೆ ಸರಿದ.

ದಾಕ್ಷಾಯಿಣಿಯ ಪಾದ ನೀರಿನಲ್ಲಿತ್ತು. ಅವಳು ಅದನ್ನು ನೋಡಲೇ ಇಲ್ಲ.

“ಹಂಗಲ್ರಿ,” ಎನ್ನುತ್ತಿದ್ದಳು, ಈಗ ಓಣಿಯ ಆ ತುದಿಗೂ ಕೇಳುವಂತೆ, “ನೀವು ಎರಡನೇದರಿಂದ ಮತ್ತೊಮ್ಮೆ ಹಚ್ರಿ. ನಾಕನೇದು ಅಲ್ಲೇ ಯಾಕ ಐತಿ ಅಂತ ಆಮ್ಯಾಲ ಹೇಳ್ತೇನಿ.”