ಒಳಗೆ ಹೋಗುವ ಗಂಟೆ

ಸವರಿಯಪ್ಪನ ಮುಖ ಕಂಡು ಮೈಸೂರಿನ ನಾಲ್ಕು ಲಕ್ಷ ಮಕ್ಕಳು ಅಳು ನಿಲ್ಲಿಸಿದ್ದವು; ಮೃಗಾಲಯದ ಆನೆಮರಿ ರಂಪ ಮಾಡಿದರೂ ಅವನನ್ನೇ ಕರೆದೊಯ್ಯಲು ಜೀಪು ಬರುತ್ತಿತ್ತು. ಶವಪೆಟ್ಟಿಗೆಗೆ ಹೆಗಲು ಕೊಟ್ಟು ನಡೆಯುತ್ತಲೇ ಅವನು ಇದನ್ನೆಲ್ಲ ಅಂಬುಜಮ್ಮನಿಗೆ ಹೇಳುತ್ತಿದ್ದ. ಸತ್ತವರ ಪಕ್ಕದ ಮನೆಯಾಕೆ ಅವರು.

“ಹೋದ್ಸಲ ನಲವತ್ತು ಸಾವಿರ ಅಂದಿದ್ದೆಯಲ್ಲಪ್ಪ?”

“ಆಮೇಲೂ ಹುಟ್ಟಿದ್ವಲ್ಲ ಅಮ್ಮಾವ್ರೆ!”

ಪೆಟ್ಟಿಗೆಯಲ್ಲಿದ್ದವರು ಡಾಕ್ಟರ್ ಲಿಡಿಯಾ. ಎಳೆಮಕ್ಕಳು ತಾಯಿಯನ್ನು ಹೇಗೆ ಹಚ್ಚಿಕೊಳ್ಳುತ್ತವೆಂದು ಬದುಕಿಡೀ ಪ್ರಯೋಗ ಮಾಡಿ ನೋಡಿದಾಕೆಗೆ ತನ್ನವರೆಂದು ಯಾರೂ ಇರಲಿಲ್ಲ. ಪೆಟ್ಟಿಗೆ ಗುಂಡಿಗಿಳಿದ ಮೇಲೆ ಫಾದರ್ ಸುತ್ತ ನೋಡಿದರು.

“ಮೊದಲನೇ ಹಿಡಿ ಮಣ್ಣು ಯಾರು ಹಾಕ್ತೀರಿ? ಹತ್ತಿರದವರು?”

ಸವರಿಯಪ್ಪ ಆಗಲೇ ಬಗ್ಗಿ ಮಣ್ಣು ಹಿಡಿದಿದ್ದ. “ನಾನೇ ಫಾದರ್. ಮೇಡಮ್ಮು ನನ್ ಕೈ ಹಿಡ್ಕೊಂಡೇ ಪ್ರಾಣ ಬುಟ್ರು.”

ಲಿಡಿಯಾರನ್ನು ಕೊನೆಯವರೆಗೆ ನೋಡಿಕೊಂಡ ನರ್ಸ್ ಜಾನ್ಸಿ ತಲೆಯೆತ್ತಿದಳು.

*

ಲಿಡಿಯಾರ ಪ್ರಯೋಗಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಸವರಿಯಪ್ಪನ ಕೆಲಸ ಒಂದೇ: ಅಪರಿಚಿತನಾಗಿರುವುದು. ಆಟಿಕೆ ಹರಡಿದ ಕೋಣೆಯಲ್ಲಿ ಮಗುವನ್ನು ಬಿಟ್ಟು ತಾಯಿ ಹೊರಗೆ ಹೋಗುವಳು. ಗಾಜಿನ ಹಿಂದೆ ಕೂತ ಲಿಡಿಯಾ ಗಂಟೆ ಒತ್ತಿದರೆ ಇವನು ಒಳಗೆ. ಮಗು ಚೀರುವುದು. ಇವನು ಗಿಲಕಿ ಆಡಿಸಿದರೆ ಇನ್ನೂ ಚೀರುವುದು. ತಾಯಿ ಮರಳಿದಾಗ ಮಗು ಏನು ಮಾಡಿತೆಂದು ಲಿಡಿಯಾ ಬರೆದುಕೊಳ್ಳುವರು. ಅಷ್ಟರಲ್ಲಿ ಇವನು ಸದ್ದಿಲ್ಲದೆ ಹೊರಗೆ. ಆ ಮಕ್ಕಳು ಸಂತೆಯಲ್ಲಿ ಎದುರಾದರೂ ಮುಖ ತಿರುಗಿಸುವನು. ಗುರುತಾಗಿಬಿಟ್ಟರೆ ಮುಂದಿನ ಸಲ ಅಪರಿಚಿತನಾಗುವುದು ಹೇಗೆ?

ಒಮ್ಮೆ ಮಾತ್ರ ಅಳು ಕೇಳಲಾರದೆ ಗಂಟೆಯಾಗುವ ಮೊದಲೇ ನುಗ್ಗಿ ಮಗುವನ್ನು ಎತ್ತಿಕೊಂಡಿದ್ದ.

“ಬೆಳಗಿನ ಕೆಲಸವೆಲ್ಲ ಹಾಳಾಯ್ತಲ್ರೀ ಸವರಿಯಪ್ಪ,” ಎಂದಿದ್ದರು ಲಿಡಿಯಾ. “ಗಂಟೆ ಆಗದೆ ಒಳಗೆ ಬರಬೇಡಿ.”

*

“ಸುಳ್ಳು ಯಾಕಣ್ಣ?” ಜಾನ್ಸಿ ಮೆಲ್ಲಗೆ ಕೇಳಿದಳು. “ಕೈ ಹಿಡಿದಿದ್ದು ನಾನು. ನೀವು ಬಾಗಿಲ ಹೊರಗಿದ್ರಿ. ಅವರು ಬಾಗಿಲ ಕಡೇನೇ ನೋಡ್ತಿದ್ರು. ಎರಡು ಸಲ ಕರೆದೆ ನಿಮ್ಮನ್ನ.”

ಅಂಬುಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸವರಿಯಪ್ಪ ಮಣ್ಣಿನ ಮುಷ್ಟಿಯನ್ನು ಬಿಗಿಹಿಡಿದ.

“ನೀನು ಕರೆದೆ ಕಣಮ್ಮ. ಗಂಟೆ ಆಗ್ಲಿಲ್ಲ.”

“ದಿಂಬಿನ ಪಕ್ಕಾನೇ ಇತ್ತು. ಒತ್ತೋಕೆ ಬೆರಳಲ್ಲಿ ಶಕ್ತಿ ಇರ್ಲಿಲ್ಲ ಅಣ್ಣ.”

“ನನ್ ನೋಡಿ ಒಂದು ಮಗೂನೂ ಸುಮ್ನಾಗಿಲ್ಲ ಕಣಮ್ಮ, ಒಂದೂ. ಕೊನೇಗಾದ್ರೂ ಮೇಡಮ್ಮೇ ಕರೀತಾರೆ ಅಂತ ಬಾಗ್ಲಲ್ಲೇ ನಿಂತ್ಬುಟ್ಟೆ.”

“ಹಾಕಪ್ಪ,” ಎಂದರು ಫಾದರ್.

ಅವನು ಗುಂಡಿಯ ಅಂಚಿನಲ್ಲಿ ಕೈ ಚಾಚಿ, ಪೆಟ್ಟಿಗೆಯತ್ತ ಕಿವಿ ಬಾಗಿಸಿ ನಿಂತೇ ಇದ್ದ. ಬಿಗಿದ ಮುಷ್ಟಿಯ ಸಂದಿಯಿಂದ ಮಣ್ಣು ತಾನಾಗಿ ಉದುರತೊಡಗಿತು.