ಇಳಿಸಿದ ಶ್ರುತಿ

ಗಡ್ಡದವರು ಹೊಸ ಆಲ್ಬಮ್ ತರುತ್ತಾರಂತೆ ಎಂದು ಮಗ ಫೋನು ನೋಡಿ ಹೇಳಿದಾಗ ಅತ್ತೆ ದಿಂಬಿಗೆ ಹತ್ತಿ ತುಂಬುತ್ತಿದ್ದಳು. ಮೊಣಕೈವರೆಗೂ ದಿಂಬಿನೊಳಗೆ ಹೋಗಿದ್ದ ಕೈ ಅಲ್ಲೇ ನಿಂತಿತು.

"ನಿಜಾನಾ? ತಮಾಷೆ ಮಾಡ್ಬೇಡ."

"ನಿಜ ಕಣಮ್ಮ. ಹಾಡೆಲ್ಲ ಆಗಲೇ ರೆಕಾರ್ಡ್ ಆಗಿದೆಯಂತೆ. ವಯಸ್ಸು ಎಪ್ಪತ್ತು ದಾಟಿದ್ರೂ ಮುದುಕರಿಗೆ ಚಪಲ ಹೋಗಿಲ್ಲ ನೋಡು."

ಗಡ್ಡದವರು ಅಂದರೆ ಒಂದು ಹೆವಿ ಮೆಟಲ್ ತಂಡ. ಹೆಸರು ಬೇರೆಯೇ ಇತ್ತು. ಆದರೆ ಈ ಹಾಸಿಗೆ ಅಂಗಡಿಯಲ್ಲಿ ಅವರಿಗೆ ಅದೇ ಹೆಸರು. ಸೊಸೆ ಕರೆಯುವುದನ್ನು ಕೇಳಿ ಕೇಳಿ ಅಂಗಡಿಯವಳು ಬೀದಿಗೆಲ್ಲ ಅತ್ತೆಯಾದಳಲ್ಲ, ಹಾಗೆ. ಹರೆಯದಲ್ಲಿ ಅತ್ತೆ ಹತ್ತಿ ಹಿಂಜುವ ಯಂತ್ರದ ಮುಂದೆ ನಿಂತಾಗ ಅವಳ ಅಣ್ಣ ರೇಡಿಯೋ ಹಚ್ಚುತ್ತಿದ್ದ. ಯಾವ ಹಾಡು ಬಂದರೂ ಯಂತ್ರದ ಗರಗರ ಅದನ್ನು ನುಂಗಿ ನೀರು ಕುಡಿಯುತ್ತಿತ್ತು. ಒಂದು ದಿನ ಅಣ್ಣ ಎಲ್ಲಿಂದಲೋ ಒಂದು ಕ್ಯಾಸೆಟ್ ತಂದು ಹಾಕಿದ. ಯಂತ್ರವನ್ನೂ ಮೀರಿ ಕೇಳಿಸಿದ ಹಾಡು ಅದೊಂದೇ. ಅಂದಿನಿಂದ ಅವಳು ಗಡ್ಡದವರ ಕಡೆಯವಳು. ಮದುವೆಯಾಯಿತು, ಮಗ ಹುಟ್ಟಿದ, ಗಂಡ ಹೋದ, ಅಂಗಡಿ ಅವಳದಾಯಿತು. ಕಡೆ ಮಾತ್ರ ಬದಲಾಗಲಿಲ್ಲ.

ಸುದ್ದಿ ಬಂದ ಮೇಲೆ ಅತ್ತೆ ನೆಲದ ಮೇಲೆ ನಡೆಯುವುದನ್ನೇ ಬಿಟ್ಟಳು. ಮಧ್ಯಾಹ್ನದ ಬಿಸಿಲು ಓರೆಯಾಗಿ ಒಳಗೆ ಬೀಳುವಾಗ ಹತ್ತಿಯ ಎಳೆಗಳು ಅದರಲ್ಲಿ ತೇಲುತ್ತಿದ್ದವು. ಅವನ್ನು ನೋಡುತ್ತ ಅವಳು ಇನ್ನೂ ಕೇಳದ ಹಾಡುಗಳನ್ನು ಕೇಳುತ್ತಿದ್ದಳು. ಪಕ್ಕದಲ್ಲಿ ಗವುಸು ಹೊಲಿಯುತ್ತಿದ್ದ ಸೊಸೆಗೆ ಅದರ ವರದಿ ಒಪ್ಪಿಸುತ್ತಿದ್ದಳು.

"ಮೊದಲನೇದು ಗಾಳಿಯಿಂದ ಶುರುವಾಗುತ್ತೆ. ಬರೀ ಗಾಳಿ. ಆಮೇಲೆ ದೂರದಲ್ಲಿ ಒಂದು ರೈಲು. ಅದು ಹೋಗೋದು ಸಮುದ್ರದ ತಳದಲ್ಲಿ."

"ಸಮುದ್ರದ ತಳದಲ್ಲಿ ರೈಲು ಯಾಕೆ ಹೋಗುತ್ತೆ ಅತ್ತೆ?"

"ಹೋಗುತ್ತಪ್ಪ. ನೀನು ಟಿಕೆಟ್ ತಗೋಬೇಡ." ಅತ್ತೆ ಕಣ್ಣು ಮುಚ್ಚಿದಳು. "ಮಧ್ಯದಲ್ಲಿ ಗಿಟಾರ್ ಒಂದೇ. ಸಂಜೆ ಎಷ್ಟು ಹೊತ್ತು ಇರುತ್ತೋ ಅಷ್ಟು ಹೊತ್ತು. ಕೊನೇ ಹಾಡಲ್ಲಿ ಆ ಕೂಗು ಬೇಕು ಕಣೇ. ಮೊದಲನೇ ಆಲ್ಬಮಲ್ಲಿ ಹಾಡೋನು ಕೂಗಿದ್ನಲ್ಲ, ಸೂಜಿ ಹಂಗೆ ಆಕಾಶಕ್ಕೆ ಹೋಗೋದು, ಅದು. ಅದೊಂದು ಕೊಟ್ರೆ ಸಾಕು, ಮಿಕ್ಕಿದ್ದೆಲ್ಲ ಮಾಫಿ."

ಸೊಸೆಗೆ ಆ ಸಂಗೀತ ಡಬ್ಬಿಯಲ್ಲಿ ಮೊಳೆ ಕುಲುಕಿದಂತೆ. ಆದರೆ ಅತ್ತೆ ಕನಸು ಹೇಳುವುದನ್ನು ಕೇಳಲು ಅವಳಿಗೆ ಇಷ್ಟವಿತ್ತು.

ಪಕ್ಕದಲ್ಲೇ ಇಟ್ಟ ಫೋನು ಬಡಿದುಕೊಂಡರೂ ಅತ್ತೆ ತಿರುಗಿ ನೋಡುವುದಿಲ್ಲ ಎಂದು ಗಮನಿಸಿದವಳೂ ಸೊಸೆಯೇ. ಅವಳೇ ಬಲವಂತ ಮಾಡಿ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿ, ಯಂತ್ರದ ಸದ್ದಿಗೆ ಏರುಶ್ರುತಿಯ ಸಣ್ಣ ಸ್ವರಗಳು ಹೋಗಿವೆ, ಅವು ಮರಳಿ ಬರುವುದಿಲ್ಲ ಎಂದರು.

"ಹಾಡು ಕೇಳಿಸುತ್ತಾ ಡಾಕ್ಟ್ರೇ?"

"ಏನು ಕೇಳ್ತೀರಿ? ಭಜನೆನಾ?"

"ಹೆವಿ ಮೆಟಲ್."

ಡಾಕ್ಟರು ಪೆನ್ನು ಕೆಳಗಿಟ್ಟರು. "ದಪ್ಪ ಸ್ವರ ಚೆನ್ನಾಗಿ ಕೇಳಿಸುತ್ತಮ್ಮ. ಸಣ್ಣದು ಕಷ್ಟ," ಎಂದರು.

ಮನೆಗೆ ಬಂದವಳೇ ಅತ್ತೆ ಹಳೆಯ ಹಾಡು ಹಾಕಿದಳು. ಕೂಗು ಬರುವ ಜಾಗ ಅವಳಿಗೆ ಬಾಯಿಪಾಠ. ಬೆರಳು ಎತ್ತಿದಳು, ಸೂಜಿ ಆಕಾಶಕ್ಕೆ ಹೋಯಿತು, ಸ್ಪಷ್ಟವಾಗಿ, ಎಂದಿನಂತೆ.

"ಕೇಳಿಸ್ತು! ನೋಡು, ಈಗ!"

ಸೊಸೆ ಕಿವಿಯಿಂದ ಕೈ ತೆಗೆಯುತ್ತಿದ್ದಳು. "ಅದು ಆಗಲೇ ಮುಗೀತಲ್ಲ ಅತ್ತೆ," ಎಂದವಳು ತಕ್ಷಣ ನಾಲಿಗೆ ಕಚ್ಚಿಕೊಂಡಳು.

ಅತ್ತೆ ಹಾಡು ನಿಲ್ಲಿಸಿದಳು. ತಾನು ಇಷ್ಟು ಕಾಲ ಕೇಳಿದ್ದು ಹಾಡನ್ನಲ್ಲ, ತನ್ನ ನೆನಪನ್ನು ಎಂದು ಅವಳಿಗೆ ಆಗ ಗೊತ್ತಾಯಿತು. ಹಳೆಯ ಹಾಡಿಗಾದರೆ ನೆನಪಿದೆ. ಹೊಸ ಹಾಡಿಗೆ ಅದನ್ನು ಎಲ್ಲಿಂದ ತರುವುದು? ಅಂದಿನಿಂದ ಅವಳು ಸಮುದ್ರದ ರೈಲಿನ ಮಾತೆತ್ತಲಿಲ್ಲ. ಆಲ್ಬಮ್ ತಡವಾಗಲಿ ಎಂದು ಒಳಗೊಳಗೇ ಬೇಡಿಕೊಂಡಳು.

ತಡವೇನೂ ಆಗಲಿಲ್ಲ. ಬಿಡುಗಡೆಯ ದಿನ ಮಗ ಬಸ್ಸಿನಲ್ಲೇ ಕೇಳಿ ಮುಗಿಸಿ, ಜೋಲುಮುಖ ಹಾಕಿಕೊಂಡು ಬಂದ.

"ಬೇಜಾರು ಮಾಡ್ಕೋಬೇಡಮ್ಮ. ಕೆಟ್ಟು ಕೆರ ಹಿಡಿದಿದೆ. ಹಾಡೋ ಅಜ್ಜಂಗೆ ದನಿ ಏರೋದೇ ಇಲ್ಲ. ಗಿಟಾರಿನ ಶ್ರುತಿನೂ ಇಳಿಸಿ, ಹಾಡನ್ನೆಲ್ಲ ಪಾತಾಳಕ್ಕೆ ತಗೊಂಡು ಹೋಗಿದಾರೆ. ಜನ ಬಾಯಿಗೆ ಬಂದ ಹಾಗೆ ಬೈತಿದಾರೆ."

"ಪಾತಾಳಕ್ಕಾ?" ಎಂದಳು ಅತ್ತೆ. "ಕೂಗು?"

"ಒಂದೂ ಇಲ್ಲ."

ರಜೆಯ ದಿನ ಅತ್ತೆ ಅಂಗಡಿಯ ಅರ್ಧ ಬಾಗಿಲು ಹಾಕಿ, ಹಲಗೆಯ ನೆಲದ ಮೇಲೆ ಸ್ಪೀಕರ್ ಇಟ್ಟಳು. ಹೊಸ ಹಾಸಿಗೆಯೊಂದನ್ನು ಅದರ ಪಕ್ಕಕ್ಕೆ ಉರುಳಿಸಿ ಮಲಗಿದಳು. "ಬಾ, ಕಿವಿಗೆ ಹತ್ತಿ ಬೇಕಾದ್ರೆ ಇಟ್ಕೋ. ಇಲ್ಲಿ ಅದಕ್ಕೇನು ಬರ," ಎಂದು ಸೊಸೆಯನ್ನೂ ಕರೆದಳು.

ಮೊದಲ ಹಾಡಿನಲ್ಲಿ ಗಾಳಿ ಇರಲಿಲ್ಲ. ಒಂದು ಗಿಟಾರ್ ಇತ್ತು, ಬಾವಿಯೊಳಗಿಂದ ಮಾತಾಡಿದಂತೆ. ಅದು ಕಿವಿಗಿಂತ ಮೊದಲು ಹಲಗೆಗೆ ಬಂತು, ಹಲಗೆಯಿಂದ ಹತ್ತಿಗೆ, ಹತ್ತಿಯಿಂದ ಬೆನ್ನಿಗೆ. ಆಮೇಲೆ ಮುದುಕನ ದನಿ ಬಂತು. ದಣಿದ ದನಿ. ಅವಸರವಿಲ್ಲದೆ, ಮೆಟ್ಟಿಲು ನೋಡಿ ನೋಡಿ ಇಳಿಯುವವನ ಹಾಗೆ ಹಾಡುತ್ತಿದ್ದ. ಅತ್ತೆ ಉಸಿರು ಬಿಗಿಹಿಡಿದು ಕಾದಳು, ಎಲ್ಲಿ ಸ್ವರ ಕೈತಪ್ಪುತ್ತದೋ ಎಂದು. ಒಂದೂ ತಪ್ಪಲಿಲ್ಲ. ಒಂದೊಂದು ಸ್ವರವೂ ಇಡಿಯಾಗಿ ಬಂದು ಅವಳ ಎದೆಯ ಮೇಲೆ ಕೂತಿತು. ನೆಲದ ಮೇಲಿನ ಹತ್ತಿಯ ಚೂರುಗಳು ಮೆಲ್ಲಗೆ ನಡುಗಿ ಜಾಗ ಬದಲಿಸುತ್ತಿದ್ದವು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಏನಾಯ್ತು ಅತ್ತೆ? ಬೇಜಾರಾ?"

"ನಾನು ಕೇಳಿದ್ದು ಒಂದೂ ಕೊಟ್ಟಿಲ್ಲ ಕಣೇ, ಹಾಳು ಮುದುಕರು."

"ಹಾಗಾದ್ರೆ ನಿಲ್ಲಿಸ್ಲಾ?"

"ಕೈ ಮುರೀತೀನಿ. ಎಲ್ಲಾ ಕೇಳಿಸ್ತಿದೆ, ಸುಮ್ನೆ ಮಲ್ಕೋ."

ಸೊಸೆ ಮಲಗಿದಳು. ಹಾಡಿನ ಅದುರು ಅವಳ ಬೆನ್ನನ್ನೂ ಮುಟ್ಟಿತು. ದೊಡ್ಡ ಪ್ರಾಣಿಯೊಂದು ಪಕ್ಕದಲ್ಲಿ ಮಲಗಿ ಉಸಿರಾಡುವ ಹಾಗಿತ್ತು. ಮೂರನೆಯ ಹಾಡಿಗೆ ಅವಳ ಕಣ್ಣು ಮುಚ್ಚಿತು, ನಾಲ್ಕನೆಯದಕ್ಕೆ ಬಾಯಿ ತೆರೆಯಿತು. ಅತ್ತೆ ಅವಳ ತಲೆಯಡಿಗೆ ಒಂದು ದಿಂಬು ತಳ್ಳಿದಳು. ಆಲ್ಬಮ್ ಮುಗಿದಾಗ ಬಿಸಿಲು ಗೋಡೆ ಹತ್ತಿತ್ತು. ಅತ್ತೆ ಕೈ ಚಾಚಿ ಮತ್ತೆ ಮೊದಲಿನಿಂದ ಹಚ್ಚಿದಳು, ಸದ್ದು ಒಂದಿಷ್ಟೂ ತಗ್ಗಿಸದೆ. ಸೊಸೆ ಏಳಲಿಲ್ಲ.